ಹಗುರಾದ ಪೆಡಲ್

ಮನೆ, ಶೆಡ್ಡಿನ ಹೊಸ್ತಿಲ ಮೇಲಿಂದ
ಜೂನ್ ೧೪, ಭಾನುವಾರ

ಪ್ರೀತಿಯ ಅಮ್ಮಾ,

ಮಂಡಿ ಹೇಗಿದೆ? ಊತ ಇಳಿಯಿತೇ? ಚಿಕ್ಕಮ್ಮನ ಮನೆಗೆ ಮೆಟ್ಟಿಲಿಲ್ಲವೆಂದು ನಿನ್ನನ್ನು ಅಲ್ಲಿಗೆ ಕಳಿಸಿದ್ದೇನೋ ಸರಿ, ಆದರೆ ನೀನಿಲ್ಲದೆ ಇಲ್ಲಿ ಯಾರಿಗೂ ಉಪ್ಪಿನ ಡಬ್ಬಿ ಕೂಡ ಸಿಗುತ್ತಿಲ್ಲ. ನಾನು ಆರಾಮ. ರಿಸಲ್ಟ್ ಬಗ್ಗೆ ಮಾತ್ರ ಕೇಳಬೇಡ. ಫಸ್ಟ್ ಇಯರ್‌ನಲ್ಲಿ ಎಲ್ಲರೂ ಟೆನ್ಷನ್ ಮಾಡಿಕೊಳ್ಳುತ್ತಾರಂತೆ. ನಾನು ಎಲ್ಲರ ಪಾಲಿನದನ್ನೂ ಮಾಡಿಕೊಳ್ಳುತ್ತಿದ್ದೇನೆ.

ಸುದ್ದಿ ಏನೆಂದರೆ, ನಿನ್ನ ಕಾರಿನ ಕ್ಲಚ್ಚನ್ನು ಮನೆಯಲ್ಲೇ ಬದಲಾಯಿಸಿದೆವು! "ಈ ಪೆಡಲ್ ತುಳಿಯೋದಕ್ಕಿಂತ ಗೋಡೆ ತಳ್ಳೋದು ವಾಸಿ" ಎನ್ನುತ್ತಿದ್ದೆಯಲ್ಲ, ಆಪರೇಷನ್ ಆದದ್ದೂ ಅದೇ ಎಡಗಾಲಿಗೆ. ನೀನು ಮತ್ತೆ ಕಾರು ಓಡಿಸುವುದು ಬಿಡುವುದು ಈ ಕ್ಲಚ್ಚಿನ ಮೇಲೇ ನಿಂತಿದೆ ಎಂದು ನಾನು ನಂಬಿಕೊಂಡಿದ್ದೆ. ಅಪ್ಪ ಹೆಚ್ಚು ಮಾತಾಡದೆ ಸೋದರಮಾವನನ್ನು ಕರೆಸಿಕೊಂಡರು. ಕಾರನ್ನು ಸ್ಟ್ಯಾಂಡುಗಳ ಮೇಲೆ ಎತ್ತಿ, ಗೇರ್‌ಬಾಕ್ಸ್ ಬಿಚ್ಚಿ ಹಳೇ ಹಾಸಿಗೆಯ ಮೇಲೆ ಮಲಗಿಸಿದೆವು. ಒಳಗಿನ ಕ್ಲಚ್ ಪ್ಲೇಟು ಹಾಸ್ಟೆಲಿನ ಸೋಪಿನ ಚೂರಿನಂತೆ ಸವೆದಿತ್ತು. ಹೊಸದನ್ನು ಕೂರಿಸಿ ಬೋಲ್ಟು ಬಿಗಿದದ್ದಾಯಿತು. ಆದರೆ ಗೇರ್‌ಬಾಕ್ಸ್ ವಾಪಸ್ ಒಳಗೆ ಹೋಗಲೊಲ್ಲದು. ಅದರ ಮೂತಿಯ ಕಂಬಿ ಪ್ಲೇಟಿನ ನಡುವಿನ ತೂತಿಗೆ ನುಗ್ಗಬೇಕು. ಅಪ್ಪ ತಳ್ಳಿದರು, ಅಲ್ಲಾಡಿಸಿದರು, ಅದರ ವಂಶವನ್ನೆಲ್ಲ ಬೈದರು. ಪಕ್ಕದಲ್ಲಿ ಅದನ್ನು ಆನಿಸಿ ಹಿಡಿದವಳು ನಾನು. ಅಷ್ಟರಲ್ಲಿ ಮಾವ ಅಪ್ಪನ ಕಾಲಿನ ಮೇಲೆ ಸ್ಪ್ಯಾನರ್ ಬೀಳಿಸಿ, "ಸಾರಿ ಭಾವ, ಸಾರಿ" ಎಂದರು. ಅಪ್ಪ, "ಹೋಗ್ಲಿ ಬಿಡು" ಎಂದರು.

ನಾನು ಬಿಟ್ಟೆ.

ಗೇರ್‌ಬಾಕ್ಸ್ ಧೊಪ್ಪೆಂದು ಹಾಸಿಗೆಯ ಮೇಲೆ ಬಿತ್ತು. ಪುಣ್ಯಕ್ಕೆ ಯಾರ ಕೈಯೂ ಅಡಿಯಲ್ಲಿರಲಿಲ್ಲ. "ಬಿಡು ಅಂದ್ರೆ ಬಿಟ್ಟೇಬಿಡೋದೇನೇ? ಆ ಹಾಸ್ಟೆಲಲ್ಲಿ ನಿಂಗೆ ಕನ್ನಡ ಕಲಿಸಿದ್ ಯಾರೇ?" ಎಂದು ಮಾವ ನಗಲೂ ಆಗದೆ ಬೈಯಲೂ ಆಗದೆ ಕೂತರು. ನನಗೆ ಅಳುವೇ ಬಂತು. 'ಹೋಗ್ಲಿ' ಎಂದದ್ದು ಗೇರ್‌ಬಾಕ್ಸಿಗೆ, 'ಬಿಡು' ಎಂದದ್ದು ನನಗೆ ಎಂದು ಅರ್ಥ ಮಾಡಿಕೊಂಡಿದ್ದೆ. ಅಪ್ಪ ಬೈಯಲಿಲ್ಲ. ತೆರೆದುಕೊಂಡ ಜಾಗಕ್ಕೆ ಟಾರ್ಚ್ ಹಾಕಿ ನೋಡಿದರೆ, ಪ್ಲೇಟು ಒಂದು ಬದಿಗೆ ಜಾರಿ ಕೂತಿದೆ. ನಟ್ಟನಡುವೆ ಹಿಡಿಯದೆಯೇ ಬಿಗಿದುಬಿಟ್ಟಿದ್ದೆವು; ದಿನವಿಡೀ ತಳ್ಳಿದ್ದರೂ ಹೋಗುತ್ತಿರಲಿಲ್ಲ. ಬೋಲ್ಟು ಸಡಿಲಿಸಿ, ಪೊರಕೆಯ ಕೋಲಿಗೆ ಟೇಪು ಸುತ್ತಿ ತೂತಿಗೆ ತೂರಿಸಿ, ಪ್ಲೇಟನ್ನು ನಡುವಿಗೆ ತಂದು ಮತ್ತೆ ಬಿಗಿದರು. ಆಮೇಲೆ ಗೇರ್‌ಬಾಕ್ಸ್ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ಕೂತಿತು.

ಸಂಜೆ ಅಪ್ಪ ಚಪ್ಪಲಿ ಕಳಚಿ, ಡ್ರೈವರ್ ಸೀಟಿನಲ್ಲಿ ಕೂತು, ಬರಿಗಾಲಲ್ಲಿ ಕ್ಲಚ್ ತುಳಿದರು. ಮತ್ತೆ ಮತ್ತೆ, ಮೆಲ್ಲಗೆ, ನಿನ್ನ ಕಾಲಿನಿಂದ ತುಳಿದು ನೋಡುತ್ತಿರುವವರ ಹಾಗೆ. "ಹಗುರಾಯ್ತು" ಎಂದರು. ಇಳಿಯಲೇ ಇಲ್ಲ, ಬಹಳ ಹೊತ್ತು ಹಾಗೇ ಕೂತಿದ್ದರು.

ಚಿಕ್ಕಮ್ಮನನ್ನು ಕೇಳಿದೆನೆಂದು ಹೇಳು. ವ್ಯಾಯಾಮ ತಪ್ಪಿಸಬೇಡ. ಮಂಡಿಗೊಂದು ಮುತ್ತು.

ನಿನ್ನ
ಪುಕ್ಕಲಿ

ತಾ.ಕ.: ಅಮ್ಮಾ, ಅಪ್ಪ ರಿಪೇರಿ ಮಾಡಿದ್ದು ಕಾರು ಮಾರುವುದಕ್ಕೆ. ಗುರುವಾರ ಯಾರೋ ನೋಡಲು ಬರುತ್ತಾರೆ. "ಅವಳು ಮತ್ತೆ ರೋಡಿಗಿಳಿದ್ರೆ ನಂಗೆ ಜೀವದಲ್ಲಿ ಜೀವ ಇರಲ್ಲ ಕಣೋ, ಅವಳಿಗೆ ಈಗಲೇ ಹೇಳ್ಬೇಡ" ಎಂದು ಮಾವನಿಗೆ ಹೇಳುತ್ತಿದ್ದರು. ಅಪ್ಪನಿಗೆ ಬೈಯಬೇಡ. ನಿನಗೇ ಸಾಕೆನಿಸಿದ್ದರೆ ಮಾರಲಿ, ಆದರೆ ಆ ಮಾತು ನಿನ್ನ ಬಾಯಿಂದ ಬರಲಿ. ಈ ಕವರನ್ನು ನಾಳೆ ಮಾವನೇ ತರುತ್ತಾರೆ. ಇಷ್ಟು ಭಾರ ಯಾಕೆಂದು ಅವರು ಕೇಳಲಿಕ್ಕಿಲ್ಲ. ಒಳಗೆ ಕಾರಿನ ಎರಡೂ ಕೀ ಇವೆ.