ಅಳಿಸಿದ್ದೇ ಸರಿ ಇತ್ತು

ಮನೆ,
ಭಾನುವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಅಕ್ಷರ ಕೋಳಿ ಕೆದರಿದ ಹಾಗಿದೆ, ತಪ್ಪುಗಳೂ ಇರುತ್ತವೆ, ಬೈಯಬೇಡ. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟ ಕೈ ಇದು, ಸೂಜಿ ಹಿಡಿದಷ್ಟು ಸಲೀಸಾಗಿ ಪೆನ್ನು ಹಿಡಿಯುವುದಿಲ್ಲ. ಹೇಗಿದ್ದೀಯ? ಊಟ ಮಾಡುತ್ತಿದ್ದೀಯಾ? ತನ್ನ ಮನೆಯಲ್ಲಿ ನೀನು ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದೀಯ, ಹೊರಗೆ ಇಟ್ಟ ತಟ್ಟೆ ಅರ್ಧ ಹಾಗೇ ಉಳಿಯುತ್ತದೆ ಎಂದು ಚಿಕ್ಕಮ್ಮ ಫೋನಿನಲ್ಲಿ ಹೇಳಿದಳು. ನಿನ್ನ ಫೋನಂತೂ ಬುಧವಾರದಿಂದ ಸತ್ತು ಬಿದ್ದಿದೆ. ಅಮ್ಮ ಚೆನ್ನಾಗಿದ್ದಾಳೆ ಎಂದು ಬರೆದರೆ ಸುಳ್ಳಾಗುತ್ತದೆ. ಪಕ್ಕದ ಮನೆಯವರಿಗೆ "ದೊಡ್ಡವಳಿಗೆ ಜ್ವರ" ಎಂದು ಹೇಳಿ ಹೇಳಿ ಈಗ ತನಗೇ ಮೈ ಬಿಸಿ ಅನ್ನುತ್ತಾಳೆ. ನೀನು ಪಟ್ಟಿ ಕಿತ್ತ ಚಪ್ಪಲಿ ಬಿಟ್ಟು ಅವಳದನ್ನು ಮೆಟ್ಟಿಕೊಂಡು ಹೋಗಿದ್ದೀಯ, ಅವಳು ನನ್ನದರಲ್ಲಿ ಓಡಾಡುತ್ತಾಳೆ, ನಾನು ಮನೆಯಲ್ಲೇ ಇದ್ದೇನೆ.

ನಿನ್ನೆ ಸಂಜೆ ನಿಮ್ಮ ಕಾಲೇಜಿನ ದೊಡ್ಡ ಮೇಡಂ ಬಂದಿದ್ದರು. ಹೊಸದಾಗಿ ಸೇರಿದ ನೀನು ಹೇಗೆ ಪಾಠ ಮಾಡುತ್ತೀಯ ಎಂದು ನೋಡಲು ಬುಧವಾರ ಹಿಂದಿನ ಬೆಂಚಿನಲ್ಲಿ ಕೂತಿದ್ದರಲ್ಲ, ಅವರೇ. ಯಾರಾದರೂ ಬಂದರೆ ಬಾಗಿಲ ಹಿಂದೆ ಸೇರುವವಳು ನಾನು. ಆದರೆ ಅಮ್ಮ ಅಂಗಡಿಗೆ ಹೋಗಿದ್ದಳು, ಬಾಗಿಲು ತೆರೆದದ್ದೇ ನಾನು, ಇನ್ನು ಯಾವ ಬಾಗಿಲ ಹಿಂದೆ ಸೇರಲಿ? ಹೊಲಿಗೆ ಮಿಷನ್ನಿನ ಸ್ಟೂಲು ಕೊಟ್ಟೆ. ಕೂತವರೇ ಕೇಳಿದರು, "ನಿಮ್ಮಕ್ಕ ಯಾಕಮ್ಮ ಓಡಿಹೋದಳು?" ನೀನು ಅವತ್ತು ಅಳುತ್ತಾ ಹೇಳಿದ್ದನ್ನೆಲ್ಲ ಹೇಳಿಬಿಟ್ಟೆ, ಕೋಪ ಮಾಡಿಕೊಳ್ಳಬೇಡ. ಬೋರ್ಡಿನ ಮೇಲೆ ತೊಲೆಯ ಲೆಕ್ಕ ಬಿಡಿಸುವಾಗ ಅವರು ತಲೆ ಅಡ್ಡಡ್ಡ ಆಡಿಸಿದ್ದು ಕಂಡು ನೀನು ಬರೆದದ್ದನ್ನು ಅಳಿಸಿ ಬೇರೆ ಬರೆದದ್ದು, ಮುಂದಿನ ಬೆಂಚಿನ ಹುಡುಗಿ "ನೀವು ಅಳಿಸಿದ್ದೇ ಸರಿ ಇತ್ತು ಮೇಡಂ" ಎಂದದ್ದು, ಕ್ಲಾಸೆಲ್ಲ ನಕ್ಕದ್ದು, ನೀನು ಡಸ್ಟರ್ ಬಿಸಾಕಿ ಹೊರಟದ್ದು, ಎಲ್ಲ.

ಮೇಡಂ ಹಣೆ ಚಚ್ಚಿಕೊಂಡರು. "ಅಯ್ಯೋ, ನಾನು ತಲೆ ಆಡಿಸಿದ್ದು ನಿಮ್ಮಕ್ಕನಿಗಲ್ಲ! ಪಕ್ಕದಲ್ಲೊಬ್ಬ ಮಹಾರಾಯ ಬೆಂಚಿನ ಮೇಲೆ ಕಾಲು ಚಾಚಿದ್ದ, ಇಳಿಸು ಅಂತ ಸನ್ನೆ ಮಾಡಿದೆ." ನಗಬೇಕೋ ಅಳಬೇಕೋ ತಿಳಿಯಲಿಲ್ಲ ಅಕ್ಕಾ. ಹೇಗೋ ಧೈರ್ಯ ಮಾಡಿ, ನೀನು ಮನೆಯಲ್ಲಿ ಎರಡು ಲೋಟದ ಮೇಲೆ ಸ್ಕೇಲು ಇಟ್ಟು, ಬೆರಳಿನಿಂದ ಒತ್ತಿ, ತೊಲೆ ಎಲ್ಲಿ ಬಗ್ಗುತ್ತದೆ ಎಂದು ನನಗೂ ತಿಳಿಯುವ ಹಾಗೆ ಹೇಳಿದ್ದನ್ನು ಹೇಳಿದೆ. "ಅದನ್ನ ಕ್ಲಾಸಲ್ಲಿ ಮಾಡೋಕೆ ಏನಾಗಿತ್ತು ಅವಳಿಗೆ?" ಅಂದರು. "ನೀವು ಹಿಂದೆ ಕೂತಿರುವಾಗ ಲೋಟ ಹಿಡಿದುಕೊಂಡು ಹೋಗೋದು ಹೇಗೆ ಅಂದಳು" ಅಂದೆ. ಅದಕ್ಕೆ ಅವರು, "ಬಾವಿಗೆ ತಳ್ಳಿ ಈಜು ಬರುತ್ತಾ ಅಂತ ಕೇಳಿದ ಹಾಗಾಯ್ತು ನಮ್ಮ ಕೆಲಸ" ಎಂದರು.

ನಾಳೆ ಸೋಮವಾರ. ನೀನು ಬರದಿದ್ದರೆ ಆ ಕ್ಲಾಸು ಬೇರೆಯವರಿಗೆ, ನಿನ್ನ ಕೆಲಸವೂ ಅಷ್ಟಕ್ಕೇ. ವಿಭಾಗದ ಮುಖ್ಯಸ್ಥರು ಅದಕ್ಕಿಂತ ಒಂದು ದಿನವೂ ಹೆಚ್ಚು ಕಾಯುವುದಿಲ್ಲವಂತೆ, ಮೇಡಂ ಅದನ್ನು ಮುಚ್ಚಿಡಲಿಲ್ಲ. ಬಂದರೆ ಮೊದಲ ತಿಂಗಳು ನೀನೂ ಮೇಡಮ್ಮೂ ಜೊತೆಗೇ ಪಾಠ ಮಾಡುತ್ತೀರಂತೆ. ಪ್ರತಿ ಪಾಠವನ್ನೂ ಮೊದಲು ಖಾಲಿ ಕೋಣೆಯಲ್ಲಿ ಉಳಿದ ಹೊಸಬರ ಮುಂದೆ ಮಾಡಿ ನೋಡುವುದು, ಅವರು ಬೇಕೆಂದೇ ಪೆದ್ದು ಪ್ರಶ್ನೆ ಕೇಳುವುದು. ಅವರಲ್ಲೊಬ್ಬ ಹುಡುಗರಿಗೆ ಬೆನ್ನು ತೋರಿಸಲು ಹೆದರಿ ಏಡಿಯ ಹಾಗೆ ಅಡ್ಡ ನಿಂತು ಬೋರ್ಡಿನಲ್ಲಿ ಬರೆಯುತ್ತಾನಂತೆ. ಹೆದರಿದವಳು ನೀನೊಬ್ಬಳೇ ಅಲ್ಲ.

ಬಾ ಎಂದು ಒತ್ತಾಯ ಮಾಡುವಷ್ಟು ಬಾಯಿ ನನಗಿಲ್ಲ. ಆದರೆ ನಾನು ಸ್ಕೂಲು ಬಿಟ್ಟಾಗ ಯಾರೂ ಹುಡುಕಿಕೊಂಡು ಮನೆಗೆ ಬರಲಿಲ್ಲ ಅಕ್ಕಾ. ಎಷ್ಟೋ ದಿನ ಬಾಗಿಲು ನೋಡಿದ್ದೆ. ನಿನ್ನನ್ನು ಹುಡುಕಿಕೊಂಡು ಬಂದಿದ್ದಾರೆ.

ಅಮ್ಮ ನಿನ್ನ ತಲೆ ಸವರಿದೆ ಎಂದು ಬರೆಯಲು ಹೇಳಿದಳು. ಚಿಕ್ಕಮ್ಮನಿಗೆ ನಮಸ್ಕಾರ.

ನಿನ್ನ
ಬಾಲಂಗೋಚಿ

ಮರೆತಿದ್ದೆ: ಇದನ್ನು ಅಂಚೆಗೆ ಹಾಕುತ್ತಿಲ್ಲ, ತಲುಪುವಷ್ಟರಲ್ಲಿ ಸೋಮವಾರ ಕಳೆದಿರುತ್ತದೆ. ನಿನ್ನ ಬಾಗಿಲ ಸಂದಿಯಿಂದ ಒಳಗೆ ತಳ್ಳಿದ್ದು ಚಿಕ್ಕಮ್ಮನಲ್ಲ, ಇವತ್ತು ಮತ್ತೆ ಇಲ್ಲಿಗೆ ಬಂದು ಕಾಗದ ತೆಗೆದುಕೊಂಡ ಮೇಡಂ. ಚಿಕ್ಕಮ್ಮನ ಮನೆಯ ವಿಳಾಸ ಕೊಟ್ಟವಳು ನಾನೇ. ನೀನು ಓದಿ ಮುಗಿಸುವ ತನಕ ಮೆಟ್ಟಿಲ ಮೇಲೆ ಕೂತಿರುತ್ತೇನೆ ಅಂದಿದ್ದಾರೆ. ಮಂಡಿ ನೋವಿನವರು, ಬಹಳ ಹೊತ್ತು ಕೂರಿಸಬೇಡ. ಅವರ ಚೀಲದಲ್ಲಿ ನಿನ್ನ ಚಪ್ಪಲಿ ಇದೆ. ಕಿತ್ತ ಪಟ್ಟಿಯನ್ನು ಇವತ್ತು ಬೆಳಿಗ್ಗೆ ದಪ್ಪ ದಾರ ಹಾಕಿ ಹೊಲಿದೆ.