ನೀರುಗಂಟಿ ಹವ್ವಾ

ಹೊಂಬಳಗಟ್ಟಿ, ಗದಗಿನ ಪಕ್ಕ
ಫೆಬ್ರವರಿ ೩೦, ೨೧೫೮

ನೂರಮೂವತ್ತು ವರ್ಷ ಹಿಂದಿನ ಹಿರಿಯರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ.

ನನ್ನ ಅಜ್ಜಿ ಹವ್ವಾ ಈ ಊರಿಗೆ ಬಂದಾಗ ಇಲ್ಲಿ ಹತ್ತು ಜನರಲ್ಲಿ ಏಳು ಮಂದಿ ಎಪ್ಪತ್ತು ದಾಟಿದವರು. ಹೈಸ್ಕೂಲಿನ ಕೋಣೆಗಳಲ್ಲಿ ಗಾಲಿಕುರ್ಚಿ ರಿಪೇರಿ ನಡೆಯುತ್ತಿತ್ತು. ಅಜ್ಜಿ ಹುಟ್ಟಿ ಬೆಳೆದ ದ್ವೀಪ ಸಮುದ್ರದ ಪಾಲಾಗಿತ್ತು. ಅವಳಂಥ ನಲವತ್ತು ಕುಟುಂಬಗಳಿಗೆ ಪಟ್ಟಣಸಭೆ ಕೊಟ್ಟದ್ದು ‘ನೆರಳುಚೀಟಿ’, ಅಂದರೆ ಮೂರು ವರ್ಷ ಇದ್ದು, ಮುದುಕರ ಆರೈಕೆ ಮಾಡಿ, ಹೊರಡಬೇಕೆಂಬ ಪರವಾನಗಿ.

ಅವಳ ಪಾಲಿಗೆ ಬಂದವರು ಎಂಬತ್ತಮೂರರ ಕಳಕಪ್ಪ, ಊರಿಗೆ ನೀರು ಬಿಡಲು ಆಗ ಉಳಿದಿದ್ದ ಒಬ್ಬರೇ ನೀರುಗಂಟಿ. ನೆಲದಡಿಯ ಇನ್ನೂರು ವಾಲ್ವುಗಳು ಎಲ್ಲಿವೆ ಎಂಬುದು ಅವರೊಬ್ಬರ ತಲೆಯಲ್ಲಿತ್ತು. ನಕ್ಷೆ ಎಂದೋ ಹಾಳಾಗಿತ್ತು, ಅವರ ಮೊಣಕಾಲುಗಳೂ ಸೋತಿದ್ದವು. ಬೆಳಗಾದರೆ ಅಜ್ಜಿ ಅವರ ಗಾಲಿಕುರ್ಚಿ ತಳ್ಳಿಕೊಂಡು ಓಣಿ ಓಣಿ ಸುತ್ತುವಳು. ಅವರು ಕೋಲಿನಿಂದ ತೋರಿಸಿದಲ್ಲಿ ಮಣ್ಣು ಕೆದರಿ ವಾಲ್ವು ತಿರುಗಿಸುವಳು. ಮಧ್ಯಾಹ್ನ ಕೂತು ಎಲ್ಲವನ್ನೂ ನೋಟ್‌ಬುಕ್ಕಿಗೆ ಇಳಿಸುವಳು.

ಮೂರು ವರ್ಷ ಮುಗಿಯಿತು. ಹೊಸಬರನ್ನು ಕಳಿಸಬೇಕೋ ಬೇಡವೋ ಎಂದು ತೀರ್ಮಾನಿಸಲು ಊರು ಸೇರಿತು. ಕಳಕಪ್ಪ ಕುರ್ಚಿಯಿಂದಲೇ ಗುಡುಗಿದರು: “ಎಲ್ಲಾ ಈಕಿಗೆ ಕಲಿಸೇನಿ. ಈಕಿನ್ನ ಕಳಸ್ರಿ, ನಿಮ್ಮ ನಳಕ್ಕ ನೀರು ಹೆಂಗ ಬರ್ತದ ನೋಡೇ ಬಿಡ್ತೀನಿ!”

ಸಭೆ ಬೆದರಿತು. ಆದರೆ ಅಜ್ಜಿ ಎದ್ದು ಹೋಗಿ ನೋಟ್‌ಬುಕ್ಕನ್ನು ಅಧ್ಯಕ್ಷರ ಮೇಜಿನ ಮೇಲಿಟ್ಟಳು.

“ನೀರಿನ ಮ್ಯಾಲೆ ಹಟ ಬ್ಯಾಡ್ರಿ ಅಜ್ಜಾರ,” ಎಂದಳು. “ಎಲ್ಲಾ ಇದರಾಗ ಬರದೇನ್ರಿ. ನಾವು ಹೋದ್ರೂ ಇವರು ನೀರು ಕುಡೀಬೇಕಲ್ರಿ.”

ಮನೆಯಲ್ಲಿ ಅವಳ ಗಂಟುಮೂಟೆ ಆಗಲೇ ಕಟ್ಟಿಯಾಗಿತ್ತಂತೆ.

ಹೊಸಬರು ಉಳಿಯಲಿ ಎನ್ನುವವರು ಎದ್ದು ನಿಲ್ಲಬೇಕೆಂದು ಅಧ್ಯಕ್ಷರು ಹೇಳಿದರು. ಆಗ ಮತವೆಂದರೆ ಅದೇ. ಮೊದಲು ಎದ್ದವಳು ನೀಲಗಂಗವ್ವ, ನಾಲ್ಕು ವರ್ಷದಿಂದ ಸ್ವಂತ ಕಾಲ ಮೇಲೆ ನಿಂತಿರದ ಮುದುಕಿ. ಎದುರಿನ ಬೆಂಚು ಹಿಡಿದು ನಿಂತು, ಹಿಂದಕ್ಕೆ ತಿರುಗಿ, “ಏಳ್ರೋ, ಕುಂತ ಕುಂತಲ್ಲೇ ಸಾಯ್ತೀರೇನು?” ಎಂದು ಗದರಿದಳು. ಕೋಲು ಊರಿ, ಗೋಡೆ ಹಿಡಿದು, ಒಬ್ಬರ ಹೆಗಲನ್ನೊಬ್ಬರು ಆತುಕೊಂಡು ಇಡೀ ಸಭೆ ಎದ್ದಿತು. ಎಣಿಸುವ ಅಗತ್ಯವೇ ಬೀಳಲಿಲ್ಲ. ಕಳಕಪ್ಪ ಮಗುವಿನಂತೆ ಅತ್ತರು. ಅಜ್ಜಿ ಅವರ ಮೂಗು ಒರೆಸಿದಳು.

ಕಳಕಪ್ಪನವರ ನಂತರ ಅಜ್ಜಿಯೇ ಊರಿನ ನೀರುಗಂಟಿಯಾದಳು. ಊರಿನಲ್ಲೀಗ ಎಷ್ಟು ಮಕ್ಕಳೆಂದರೆ, ಸಂಜೆ ಮಾತಾಡಬೇಕಾದರೆ ಕಿರುಚಬೇಕು.

ನಿಮ್ಮಲ್ಲಿ ನನ್ನದೊಂದು ವಿನಂತಿ. ನಿಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಇವತ್ತು ಯಾರೋ ಪೆಟ್ಟಿಗೆ ಹಿಡಿದು ಇಳಿದಿರಬಹುದು. ಅವರ ಮಾತು ನಿಮಗೆ ತಿಳಿಯದಿರಬಹುದು. ಕರೆದು ಊಟಕ್ಕೆ ಕೂಡಿಸಿ. ಮುಂದೊಂದು ದಿನ ಅವರ ಮೊಮ್ಮಕ್ಕಳು ನಿಮಗೆ ಕನ್ನಡದಲ್ಲಿ ಪತ್ರ ಬರೆದಾರು.

ನಿಮ್ಮವಳು,
ಜುಲೇಖಾ