ಸೇತುವೆಯ ಬಳಿ ಹೊಲಿಯುವ ಹೆಂಗಸು

ಹೊಲಿಗೆ ಅಂಗಡಿಯಿಂದ,
ಭಾನುವಾರ ಮಧ್ಯಾಹ್ನ

ಚಿರಂಜೀವಿ ಪುಟ್ಟಿಗೆ,

ಹೇಗಿದ್ದೀಯ? ಕಣ್ಣುರಿ ಕಡಿಮೆಯಾಯಿತೇ? ಇಡೀ ದಿನ ಕಂಪ್ಯೂಟರ್ ನೋಡಿದರೆ ಇನ್ನೇನಾಗುತ್ತದೆ. ನಾನು ಚೆನ್ನಾಗಿದ್ದೇನೆ. ನನ್ನ ಮಂಡಿನೋವಿನ ವಿಷಯ ನಿನ್ನ ಅಣ್ಣ ಉಪ್ಪುಖಾರ ಹಚ್ಚಿ ಹೇಳಿರುತ್ತಾನೆ, ನಂಬಬೇಡ.

ನೀನು ಕಥೆ ಬರೆದ ಆಟವನ್ನು ಅವನೇ ಬಂದು ಟಿವಿಗೆ ಜೋಡಿಸಿಕೊಟ್ಟು ಹೋದ. ಆಡಿ ನೋಡಿ ಹೇಳು ಎಂದು ಅವನ ಕೈಲಿ ಹೇಳಿಕಳಿಸಿದ್ದೆಯಲ್ಲ, ಹೇಳುತ್ತೇನೆ. ಬಟ್ಟೆ ಧಾರಾಳವಾಗಿದೆ, ಹೊಲಿಗೆ ಸಡಿಲ. ಆಟದಲ್ಲಿ ನನ್ನ ತಮ್ಮನನ್ನು ಕೋಟೆಯಲ್ಲಿ ಕೂಡಿಹಾಕಿದ್ದಾರೆ, ಬೆಳಗಾದರೆ ಗಲ್ಲಿಗೇರಿಸುತ್ತಾರೆ, ಓಡು ಎನ್ನುತ್ತೀರಿ. ನಾನು ದಾರಿ ತಪ್ಪಿ ಕಾಡಿಗೆ ಹೋದೆ, ಮೀನು ಹಿಡಿದೆ, ಯಾರದೋ ಮೇಕೆ ಹುಡುಕಿಕೊಟ್ಟೆ. ವಾರ ಕಳೆದರೂ ಆ ಬೆಳಗು ಆಗಲೇ ಇಲ್ಲ. ಅವನಿನ್ನೂ ಅಲ್ಲೇ ಕೂತಿದ್ದಾನೆ. ಇದೆಂಥ ಆತುರ? ಮದುವೆ ಬಟ್ಟೆ ಒಂದು ದಿನ ತಡವಾದರೆ ಜನ ನನ್ನನ್ನು ಸುಮ್ಮನೆ ಬಿಡುತ್ತಾರೆಯೇ?

ಆದರೆ ನದಿಯಾಚೆ ಒಂದು ಖಾಲಿ ಮನೆ ಕಂಡೆ. ಅಲ್ಲಿಗೆ ಹೋಗು ಎಂದು ಯಾರೂ ಹೇಳಿರಲಿಲ್ಲ. ಒಳಗೆ ಒಂದು ತಟ್ಟೆ ತೊಳೆದಿಟ್ಟಿತ್ತು, ಪಕ್ಕದ ತಟ್ಟೆಯ ಮೇಲೆ ದೂಳು. ಒಂದು ಮಾತೂ ಇಲ್ಲದೆ ಎಲ್ಲ ತಿಳಿಯಿತು. ಪುಸ್ತಕದಲ್ಲಾಗಿದ್ದರೆ ಯಾರಾದರೂ ಬಾಯಿಬಿಟ್ಟು ಕೆಡಿಸುತ್ತಿದ್ದರು. ಅದು ನಿನ್ನ ಕೆಲಸವಾಗಿದ್ದರೆ, ಅಚ್ಚುಕಟ್ಟಾಗಿದೆ.

ಐದಾರು ದಿನದ ಹಿಂದೆ ಆಟದಲ್ಲಿ ಸೇತುವೆಯ ಬಳಿ ಹೊಲಿಯುವ ಹೆಂಗಸು ಸಿಕ್ಕಳು. ಕನ್ನಡಕ ಮೂಗಿನ ತುದಿಯಲ್ಲಿ, ತುಟಿಯ ನಡುವೆ ಗುಂಡುಸೂಜಿ. ಯಾರೆಂದು ನನಗೆ ಯಾರೂ ಹೇಳಬೇಕಾಗಲಿಲ್ಲ. "ಹೋಗೋದಾದ್ರೆ ಬಾಗಿಲು ಹಾಕ್ಕೊಂಡು ಹೋಗು" ಎಂದಳು. ಆಟ ಬರೆಯುವುದೂ ಒಂದು ಉದ್ಯೋಗವೇ ಎಂದು ನಾನು ಕೇಳಿದ್ದಕ್ಕೆ ನೀನು ಪೆಟ್ಟಿಗೆ ಹಿಡಿದು ಹೊರಟ ದಿನ ನಾನಾಡಿದ ಮಾತು ಅದು. ಅಂದಿನಿಂದ ನೀನು ಈ ಕಡೆ ತಲೆ ಹಾಕಿಲ್ಲ. ಅವತ್ತು ಗಾಳಿಗೆ ಬಾಗಿಲು ಬಡಿಯುತ್ತಿತ್ತು, ಅದಕ್ಕೆ ಹಾಗೆ ಹೇಳಿದೆ.

ಅವಳಿಗೆ ದಾರ ತಂದುಕೊಟ್ಟೆ, ತೋಳ ಓಡಿಸಿದೆ. ಮತ್ತೆ ಹೋದರೂ ಅದೇ ಮಾತು. ಮಾಡಿದ ಉಪಕಾರದ ನೆನಪೇ ಇಲ್ಲ. ಆದರೂ ಊಟವಾದ ಮೇಲೆ ದಿನವೂ ಹೋಗಿ ಅವಳ ಪಕ್ಕ ನಿಲ್ಲುತ್ತೇನೆ. ಆ ಹೊತ್ತಿನಲ್ಲಿ ಮನೆಯಲ್ಲಿ ಬೇರೆ ದನಿ ಇರುವುದಿಲ್ಲ. ಜೀವಮಾನದಲ್ಲಿ ನಾನು ನಿನ್ನೊಡನೆ ಆಡಿದ್ದು ಅದೊಂದೇ ಮಾತೇ?

ಹೊತ್ತು ಹೊತ್ತಿಗೆ ಉಣ್ಣು. ನಿನಗೆ ಒಳ್ಳೆಯದೇ ಆಗಲಿ.

ನಿನ್ನ ಅಮ್ಮ

ಬರೆಯಲು ಮರೆತೆ: ಆ ಹೆಂಗಸಿಗೆ ವಯಸ್ಸಾಗುವುದಿಲ್ಲ, ಎಷ್ಟು ದಿನ ಬೇಕಾದರೂ ನಿಂತಿರುತ್ತಾಳೆ. ನನ್ನ ಕೈಲಿ ಆಗುವುದಿಲ್ಲ. ರಜೆ ಹಾಕಿ ಬಾ. ಅಮ್ಮನೇ ಕರೆದಳು ಎಂದು ನಿನ್ನ ಅಣ್ಣನಿಗೆ ಹೇಳಬೇಡ.